ಮೇಣ

ಉಪ್ಪಳ ಪೇಟೆಯ ಕೊನೆಯ ಮೀನಿನ ಬುಟ್ಟಿಯೂ
ಮನೆ ಸೇರಿದ ಮೇಲೆ, ರಾತ್ರಿ ಹನ್ನೊಂದೂವರೆಗೆ,
ಡೆನ್ಮಾರ್ಕಿನ ಒಂದೂರಲ್ಲಿ ಸಂಜೆ ಏಳಾಗುತ್ತದೆ.
ಹೊಲಿಗೆ ಯಂತ್ರಕ್ಕೆ ಫೋನು ಒರಗಿಸುತ್ತೇನೆ.
ಶಬ್ದ ಪೂರ್ತಿ ಕಡಿಮೆ. ಮಗು ಮಲಗಿದೆ.
ಹದಿನಾಲ್ಕು ಹೆಂಗಸರು ಓಡತೊಡಗುತ್ತಾರೆ
ಒಂದಿಷ್ಟೂ ಸದ್ದಿಲ್ಲದೆ.

ಕ್ಲಬ್ಬಿನ ಹೆಸರು ನನ್ನ ನಾಲಗೆಗೆ ಹತ್ತುವುದಿಲ್ಲ.
ಅದರ ನಡುವೆ ಒಂದು ಇಂಗ್ಲಿಷ್ ಎ
ನೆತ್ತಿಯ ಮೇಲೆ ಪುಟ್ಟ ಸೊನ್ನೆ ಹೊತ್ತಿದೆ,
ಬಾವಿಕಟ್ಟೆಯಿಂದ ಬರುವವಳ ಕೊಡದ ಹಾಗೆ.
ತುಳುಕೀತೆಂದು ಮೆಲ್ಲಗೆ ಓದಿ ಬಿಟ್ಟುಬಿಡುತ್ತೇನೆ.

ಗೋಲಿನಲ್ಲಿ ನಿಲ್ಲುವವಳು ನನಗಿಂತ ಹಿರಿಯಳು,
ಮೂವತ್ತೆಂಟಂತೆ, ಮೊಣಕಾಲಿಗೆ ಪಟ್ಟಿ.
ಬೆನ್ನಿನ ಹೆಸರು ಓದಲಾಗದೆ
ಸೇಸಕ್ಕ ಎಂದು ಕರೆದುಕೊಂಡಿದ್ದೇನೆ.
ಸೇಸಕ್ಕ ಚೆಂಡು ಹಿಡಿಯುವುದಿಲ್ಲ,
ಚೆಂಡಿಗೆ ಅಡ್ಡ ಬರುತ್ತಾಳೆ,
ಕೈ ಕಾಲು ನಾಲ್ಕೂ ನಾಲ್ಕು ದಿಕ್ಕಿಗೆ,
ಒಣಹಾಕಿದ ಅಂಗಿ ಗಾಳಿಗೆ ಬಿರಿದ ಹಾಗೆ.

ಉಳಿದವರು ಓಡುತ್ತಲೇ ಬಗ್ಗಿ
ಬೂಟಿನ ಹಿಮ್ಮಡಿ ಮುಟ್ಟಿಕೊಳ್ಳುತ್ತಾರೆ.
ಮುಳ್ಳೋ ನೋವೋ ಎಂದುಕೊಂಡಿದ್ದೆ.
ಅಲ್ಲಿ ಅಂಟು ಮೆತ್ತಿಟ್ಟಿರುತ್ತಾರಂತೆ,
ಒಂದೇ ಕೈಗೆ ಚೆಂಡು ಕಚ್ಚಿ ಕೂರಲಿಕ್ಕೆ.

ಅದನ್ನು ನಮಗೆ ಯಾರೂ ಕಲಿಸಬೇಕಾಗಿರಲಿಲ್ಲ.
ಪೈವಳಿಕೆಯ ಮುರಕಲ್ಲು ಮೈದಾನಕ್ಕೆ
ರೆನಿಟಾ ಕ್ರಾಸ್ತಾ ಗೆರಟೆಯಲ್ಲಿ ತಂದಿದ್ದಳು
ಹಲಸಿನ ಮೇಣ.
ಚೆಂಡು ಕೈಗೆ ಹತ್ತಿತು, ಕೈ ಜಡೆಗೆ ಹತ್ತಿತು,
ಮುಫೀದಾಳ ಶಾಲು ಚೆಂಡಿನ ಜೊತೆಗೇ ಗೋಲಿಗೆ ಬಂತು.
ಮನೆಯಲ್ಲಿ ಅಮ್ಮ ಅರ್ಧ ಕುಡ್ತೆ ತೆಂಗಿನೆಣ್ಣೆ ಸುರಿದು
ತಿಕ್ಕಿದಳು, ಎಣ್ಣೆಯ ಬೆಲೆ ಹೇಳುತ್ತಾ ತಿಕ್ಕಿದಳು.

"ಚಾಡ್! ಚಾಡ್!" ಎಂದು ಗೆರೆಯಾಚೆ
ಕುಂಞಂಬು ಮಾಷ್ ಕೂಗುತ್ತಿದ್ದರು.
ಚಾಡಿಯೇ? ಯಾರ ಮೇಲೆ ಹೇಳಲಿ
ಎಂದು ನಾನು ಯೋಚಿಸುವಷ್ಟರಲ್ಲಿ
ಚೆಂಡು ಬಲೆಯೊಳಗೆ. ಹಾರು ಎಂದರ್ಥವಂತೆ.
ಮನೆಯಲ್ಲಿ ತುಳು, ಪುಸ್ತಕದಲ್ಲಿ ಕನ್ನಡ,
ಸೀಟಿಯ ಜೊತೆಗೆ ಮಲಯಾಳ;
ಚೆಂಡು ಯಾವುದಕ್ಕೂ ಕಾಯುತ್ತಿರಲಿಲ್ಲ.

ನೀಲೇಶ್ವರದಲ್ಲಿ ಇಪ್ಪತ್ತೊಂದಕ್ಕೆ ಐದರಲ್ಲಿ ಸೋತೆವು.
ಏಳು ಮೀಟರಿನ ಒಂದು ಎಸೆತವನ್ನು
ನನ್ನ ಮುಖ ತಡೆಯಿತು. ನಾನಲ್ಲ, ಮುಖ.
ಮೂಗಿನ ರಕ್ತ ಅಂಗೈಯಲ್ಲಿ ಹಿಡಿದು ನಿಂತಾಗ
ಮಾಷ್ ಬಂದು ಮೊದಲ ಸಲ ಕನ್ನಡದಲ್ಲಿ ಹೇಳಿದರು:
"ಒಳ್ಳೇದಾಯ್ತು."
ಯಾವುದು ಒಳ್ಳೇದಾಯಿತೆಂದು ಇವತ್ತಿಗೂ ಗೊತ್ತಿಲ್ಲ.

ಇವತ್ತು ಸೇಸಕ್ಕನ ಕೊನೆಯ ಆಟ.
ಸುತ್ತ ಖಾಲಿ ಕುರ್ಚಿಗಳು.
ಸಾಲವೋ, ದುಡ್ಡು ಹಾಕುವವರು ಕೈಬಿಟ್ಟರೋ,
ಸುದ್ದಿಯನ್ನು ಫೋನು ಕನ್ನಡ ಮಾಡಿ ಕೊಟ್ಟಿತು:
"ಕ್ಲಬ್ಬು ಬೀಗದ ಕೈ ತಿರುಗಿಸುತ್ತದೆ."
ತೆರೆಯಲಿಕ್ಕೋ ಮುಚ್ಚಲಿಕ್ಕೋ ಅದು ಹೇಳಲಿಲ್ಲ.

ಕೊನೆಯ ನಿಮಿಷ. ಏಳು ಮೀಟರು.
ಎಸೆಯುವವಳ ತೋಳು ಹಿಂದೆ ಹೋಯಿತು.
"ಚಾಡ್!" ಎಂದುಬಿಟ್ಟೆ, ಬಾಯಿಬಿಟ್ಟು.
ಮಗು ಹೊರಳಿತು.
ಅವಳು ಹಾರಲಿಲ್ಲ. ಚೆಂಡು ಕಿವಿಯ ಪಕ್ಕ ಹೋಯಿತು.

ಮುಗಿದ ಮೇಲೆ ಬೆಂಚಿನಲ್ಲಿ ಕೂತು
ಬಾಟಲಿಯಿಂದ ಏನೋ ಎಣ್ಣೆ ಬಗ್ಗಿಸಿ
ಒಂದೊಂದೇ ಬೆರಳು ತಿಕ್ಕಿಕೊಂಡಳು,
ಕ್ಯಾಮರಾ ಬೇರೆ ಕಡೆ ತಿರುಗುವವರೆಗೆ.

ನನ್ನ ಮುಂದೆ ಹದಿನಾಲ್ಕು ಅಂಗಿ, ಪೈವಳಿಕೆ ಶಾಲೆಯದ್ದು.
ಮೇಲೆ ಮಲಯಾಳದಲ್ಲಿ ಹೆಸರು, ಜಾಗ ಉಳಿದರೆ
ಕೆಳಗೆ ಕನ್ನಡದಲ್ಲಿ ಎಂದು ಹೇಳಿ ಹೋಗಿದ್ದಾರೆ.
ಜಾಗ ಉಳಿಯುವ ಹಾಗೆಯೇ ಕತ್ತರಿಸಿದ್ದೇನೆ.
ಗೋಲಿನವಳ ಅಂಗಿಗೆ, ಯಾರೂ ಕೇಳದ್ದು,
ಹೊಟ್ಟೆಯ ಹತ್ತಿರ ಒಳಗಿನಿಂದ ಇನ್ನೊಂದು ಪದರ.
ಮುಖಕ್ಕೆ ಏನು ಹೊಲಿಯುವುದು?

ಗಂಟೆ ಒಂದು ದಾಟಿತು. ಹನ್ನೆರಡನೇ ನಂಬರಿನ
ಎರಡು ಇನ್ನೂ ಹಚ್ಚಿಲ್ಲ.