ಚಿಲ್ಲರೆಯ ಲೆಕ್ಕ

ಹೆಸರಿಟ್ಟವಳು ನಾನೇ.
ಬಸ್ಸಿನ ಹಿಂದಿನ ಸೀಟಿನಡಿ ಕೂತು
ನಾಗಮಂಗಲದಿಂದ ಟಿಕೆಟ್ಟಿಲ್ಲದೆ ಬಂದ ಮರಿ.
ಇಳಿಸಿಕೊಳ್ಳಲು ಯಾರೂ ಇರಲಿಲ್ಲ.
ವಾಪಸು ಕೇಳದೆ ಜನ ಬಿಟ್ಟುಹೋದ ಚಿಲ್ಲರೆ ಹಾಗೆ
ನನ್ನ ಚೀಲದಲ್ಲೇ ಉಳಿಯಿತು.

ಗುತ್ತಲು ರಸ್ತೆಯ ನಮ್ಮ ಎರಡು ಕೋಣೆಯಲ್ಲಿ
ನಾಲ್ಕು ವರ್ಷ ಅದರದೇ ದರ್ಬಾರು.
ಗಾರೆ ಬಾಂಡ್ಲಿಗೆ ಮರಳು ತುಂಬಿ ಮೂಲೆಗಿಟ್ಟರೆ
ಯಾರೂ ಕಲಿಸದೆ ಕಲಿತು,
ಕೆಲಸ ಮುಗಿಸಿ, ಮುಚ್ಚಿ,
ತಾನಲ್ಲವೆಂಬಂತೆ ಬಂದು ಕೂರುತ್ತಿತ್ತು.

ಹೋದ ಮಾಘದಲ್ಲಿ ಒಂದು ಬೆಳಿಗ್ಗೆ
ಇಸ್ತ್ರಿ ಮಾಡಿಟ್ಟ ಖಾಕಿಯ ಮೇಲೆ
ಮೂರು ಹನಿ.
ಮೂರೇ. ನಾತ ಮಾತ್ರ ಡಿಪೋ ತನಕ ಬಂತು.
ಡ್ರೈವರ್ ಚಿಕ್ಕಬೋರಯ್ಯ ಕಿಟಕಿ ಸರಿಸಿದ,
ಏನೂ ಕೇಳಲಿಲ್ಲ; ಅದು ಅವನ ದೊಡ್ಡಗುಣ.

"ಸೇಡು ಕಣವ್ವ," ಅಂದಳು ಅತ್ತೆ,
"ನೈಟ್ ಹಾಲ್ಟು ಅಂತ ಸಂತೆಬಾಚಳ್ಳಿಗೋಗಿ ಮನಿಕೊಂಡ್ರೆ
ಅದ್ಕೆ ಕ್ವಾಪ ಬರಾಕಿಲ್ವಾ?
ಮೂತಿನ ಅದ್ರಲ್ಲೇ ತಿಕ್ಕು, ಬುದ್ದಿ ಕಲೀತದೆ."

ತಿಕ್ಕಿದೆ.
ಇದನ್ನು ಬರೆಯದೆ ಬಿಡಬಹುದಿತ್ತು.
ತಿಕ್ಕಿದೆ, ಬೆನ್ನಿಗೊಂದು ಏಟೂ ಹಾಕಿದೆ.
ಅದು ಓಡಲಿಲ್ಲ. ಬಾಂಡ್ಲಿಗೆ ಹೋಗಿ
ಕೂತಿತು,
ಕೂತೇ ಇತ್ತು,
ಎದ್ದು ಎರಡು ಹೆಜ್ಜೆ ಇಟ್ಟು ಮತ್ತೆ ಕೂತಿತು,
ಸ್ಟಾಪಿಲ್ಲದ ಕಡೆ ಬಸ್ಸಿಗೆ ಕಾಯುವವರ ಹಾಗೆ.

ಮಲ ಕಟ್ಟಿದೆ, ಹರಳೆಣ್ಣೆ ಕುಡಿಸಿ ಎಂದರು ಎದುರುಮನೆಯವರು.
ನನ್ನ ಗಂಡ ಜ್ವರದ ಮಾತ್ರೆ ಅರ್ಧ ಮುರಿದು
ಹಾಲಿಗೆ ಹಾಕುವುದರಲ್ಲಿದ್ದ.
ನಾನು ಮರಳು ಕೆದಕಿದೆ.
ಒಣ. ತಳದ ತನಕ ಒಣ.

ದಿನವಿಡೀ ಸೊನ್ನೆ ರೂಪಾಯಿಯ ಟಿಕೆಟ್ಟು ಹರಿಯುವವಳು ನಾನು.
ನನಗೆ ಗೊತ್ತು, ಸೊನ್ನೆ ಎಂದರೆ ಖಾಲಿಯಲ್ಲ,
ಅಲ್ಲೊಬ್ಬಳು ಕೂತಿದ್ದಾಳೆ,
ಮಡಿಲಲ್ಲಿ ಕೂಸು, ಕಾಲಡಿ ಸೊಪ್ಪಿನ ಗಂಟು.
ಈ ಸೊನ್ನೆಯೊಳಗೂ ಯಾರೋ ಕೂತಿದ್ದರು.
ತರಕಾರಿ ಬುಟ್ಟಿಗೆ ಟವೆಲು ಹಾಸಿ ಆಟೋ ಹತ್ತಿದೆ.

ದನದಾಸ್ಪತ್ರೆಯ ಡಾಕ್ಟರ್ ಶಾಹಿನಾ
ಹೊಟ್ಟೆ ಮುಟ್ಟಿದವರೇ
ಸೂಜಿಗೆ ಕಾಯುತ್ತಿದ್ದ ಕರುವನ್ನು ಹಾಗೇ ಬಿಟ್ಟರು.
"ಉಚ್ಚೆ ಕಟ್ಟಿದೆ. ಗಂಡುಬೆಕ್ಕಿನ ದಾರಿ ಕಿರಿದು,
ಹರಳು ಸಿಕ್ಕಿಕೊಂಡಿದೆ. ನಾಳೆ ಬಂದಿದ್ದರೆ…"
ಮುಗಿಸಲಿಲ್ಲ.
"ಜ್ವರದ ಮಾತ್ರೆ ಏನೂ ಕೊಟ್ಟಿಲ್ಲ ತಾನೆ? ಬೆಕ್ಕಿಗೆ ಅದು ವಿಷ."

"ಸೇಡಲ್ಲವಾ?" ಕೇಳಿದೆ.
"ಉರಿ ಕಣ್ರೀ. ಮರಳಲ್ಲಿ ಕೂತಾಗಲೆಲ್ಲ ಉರಿ.
ಅದಕ್ಕೆ ಬೇರೆ ಜಾಗ ಹುಡುಕಿದೆ,
ಮೆತ್ತಗಿರೋದು, ನಿಮ್ಮ ವಾಸನೆ ಇರೋದು."

ನೂಲಿನಂಥ ನಳಿಗೆ. ಕೆಂಪು ಬೆರೆತ ನೀರು.
ಸ್ಟೀಲು ಬಟ್ಟಲಿಗೆ ಅದು ಬೀಳುವ ಸದ್ದು
ಎಷ್ಟು ಇಂಪಾಗಿತ್ತೆಂದು ಯಾರಿಗೆ ಹೇಳಲಿ?

ಈಗ ಮನೆಯಲ್ಲಿ ನೀರಿನ ಬಟ್ಟಲು ನಾಲ್ಕು,
ಊಟದ ತಟ್ಟೆಯ ಪಕ್ಕ ಒಂದೂ ಇಲ್ಲ,
ಅಲ್ಲಿಟ್ಟರೆ ಮೂಸಿ ಹೋಗುತ್ತದೆ.
ಒಣ ತಿಂಡಿ ಕಡಿಮೆ. ಮರಳು ದಿನಾ ಜರಡಿ.
ಉಪ್ಪಿಲ್ಲದೆ, ಈರುಳ್ಳಿಯಿಲ್ಲದೆ
ಮೀನು ಬೇಯಿಸಿ ಆ ನೀರಿಳಿಸುವವಳು ಅತ್ತೆ:
"ಇಂತ ಸಪ್ಪೆ ಸಾರ ನಮ್ಮಪ್ಪನ್ಗೂ ಮಾಡಿರ್ನಿಲ್ಲ."

ಹಳೇ ಟ್ರಿಪ್ ಶೀಟುಗಳ ಬೆನ್ನಿಗೆ ಬರೆಯುತ್ತೇನೆ:
ತಾರೀಖು, ಒದ್ದೆ ಉಂಡೆ ಎಷ್ಟು, ದೊಡ್ಡದಾ ಚಿಕ್ಕದಾ.
ಏಟಿಗೆ ಕಾಲಂ ಇಲ್ಲ.
ಮೊಳೆಯಿಂದ ಚೀಲ ತೆಗೆಯಲು ಕೈ ಎತ್ತಿದರೂ
ಚಿಲ್ಲರೆಯ ಕಿವಿ ಇನ್ನೂ ಹಿಂದಕ್ಕೆ ಮಡಿಯುತ್ತವೆ.
ನಾನು ಕೈ ಇಳಿಸಿ, ನಿಧಾನ, ಇನ್ನೊಂದು ಸಲ ಎತ್ತುತ್ತೇನೆ.

ರಾತ್ರಿ ಸಂತೆಬಾಚಹಳ್ಳಿಯಲ್ಲಿ
ಲೈಟಾರಿಸಿದ ಬಸ್ಸಿನಲ್ಲಿ ಫೋನು ಬರುತ್ತದೆ.
ಉಂಡ್ಯಾ ಅಂತಲೂ ಕೇಳದೆ ಅತ್ತೆ:
"ಎಲ್ಡು. ದಪ್ಪವೇ.
ಒಂದ್ ನಿಮ್ಸ ತಡಿ,
ಇನ್ನೊಂದ್ಕೆ ಕೂತೈತೆ."