ತೊಗರಿ ಬೇಯುವ ನೀರು

ಮೂವತ್ತೆಂಟನೆಯ ಮೀಟರಿನಲ್ಲಿ
ಕೊಳವೆ ಕೆಮ್ಮಿತು, ಕೆಸರು ಉಗುಳಿತು,
ಆಮೇಲೆ ನೀರು.
ಲುಸುಂಗು ಕುಣಿದಳು. ತಿಯಾಮಿಕೆ ಹೆಲ್ಮೆಟ್ಟಿನಲ್ಲೇ ಹಿಡಿದು
ತಲೆಗೆ ಸುರಿದುಕೊಂಡ.
ನಾನು ಪರೀಕ್ಷೆಯ ಕಡ್ಡಿ ಅದ್ದಿದೆ, ಬಣ್ಣ ನೋಡಿದೆ,
ಪುಸ್ತಕದಲ್ಲಿ ಬರೆದೆ: ಪರವಾಗಿಲ್ಲ.

ಬ್ಲಾಂಟೈರಿನ ಕಾಲೇಜಿನಿಂದ ಬಂದು ಹನ್ನೊಂದು ದಿನ.
ಶಿರೆ ನದಿಯ ದಡದಲ್ಲಿ ಹೆಂಗಸರು ನೆಟ್ಟ ಗೂಟದ ಬೇಲಿ,
ಅದರಾಚೆ ಮೊಸಳೆ,
ಈಚೆ ಕೊಡ.
ಇನ್ನು ಆ ಬೇಲಿ ಬೇಡ ಎಂದುಕೊಂಡೆವು.

ಊರಿಗೆಲ್ಲ ಅಜ್ಜಿಯಾದ ಅಗೋಗೋ ಎಲಿಫಾ ಮಾತ್ರ
ಚಪ್ಪಾಳೆ ತಟ್ಟಲಿಲ್ಲ.
ಒಂದು ಗುಟುಕು ಬಾಯಲ್ಲಿ ಹೊರಳಿಸಿ
ಪಕ್ಕಕ್ಕೆ ತಿರುಗಿ ಉಗಿದು
ಮೂರು ಕಲ್ಲು ಹೂಡಿದಳು.
ಮಡಕೆ, ನಮ್ಮ ನೀರು, ಒಂದು ಹಿಡಿ ತೊಗರಿ.
"ಕೂತ್ಕೊಳ್ಳಿ" ಎಂದಳು, ಪರೀಕ್ಷೆ ನಮಗೇ ಎಂಬಂತೆ.

ಕೂತೆವು. ಬಾವೊಬಾಬ್ ಮರದ ನೆರಳು ನಮ್ಮನ್ನು ಬಿಟ್ಟು
ಮೇಕೆಗಳ ಕಡೆ ಹೋಯಿತು.
ಸೌದೆ ಮುಗಿದು ಮತ್ತೆ ಸೌದೆ.
ಸಂಜೆಗೆ ಒಂದು ಕಾಳು ತೆಗೆದು ನನ್ನ ಅಂಗೈಗೆ ಹಾಕಿದಳು.
ಒತ್ತಿದೆ. ಕಲ್ಲು.
"ಇದರಲ್ಲಿ ಬೇಳೆ ಬೇಯಲ್ಲ, ಮಗಳೇ."
ಬೈದದ್ದಲ್ಲ ಅದು, ಇದ್ದದ್ದು ಹೇಳಿದ್ದು.

ರಾತ್ರಿ ಟೆಂಟಿನಲ್ಲಿ ಜಗಳ.
ಕುಡಿದರೆ ಯಾರೂ ಸಾಯಲ್ಲ, ಉಪ್ಪು ಮಿತಿಯೊಳಗೇ ಇದೆ, ಅಂದ ತಿಯಾಮಿಕೆ.
ಅಡುಗೆಗೆ ಮತ್ತೆ ಬೇಲಿಗೇ ಹೋಗ್ತಾರಲ್ಲ, ಅಂದಳು ಲುಸುಂಗು.
ಆಮೇಲೆ ಕಪ್ಪೆಗಳಷ್ಟೇ ಮಾತಾಡಿದವು.

ಉಪ್ಪು ಬಾವಿಯನ್ನು ಮುಚ್ಚಲಿಲ್ಲ.
ಅದೇ ನೀರಲ್ಲಿ ಮಣ್ಣು ಕಲಸಿ ಇಟ್ಟಿಗೆ ಹೊಯ್ದೆವು,
ಶಾಲೆಯ ಹಿಂದೆ ನಾಲ್ಕು ಪಾಯಿಖಾನೆ.
ಹುಡುಗಿಯರ ಎರಡಕ್ಕೆ ಒಳಗಿನಿಂದ ಚಿಲಕ.
ನಮ್ಮ ನಕ್ಷೆಯಲ್ಲಿ ಅದು ಇರಲಿಲ್ಲ,
ಏಳನೇ ಕ್ಲಾಸಿನ ಮಾಲಿತಾ ಬಂದು
ನೆಲ ನೋಡುತ್ತ ಕೇಳಿದ್ದು.
ಸೋಪು ನೊರೆಗಟ್ಟಲಿಲ್ಲ; ಕೈಗೆ ಒಲೆಯ ಬೂದಿ.

ಎರಡನೆಯದನ್ನು ಕೊರೆದದ್ದು ಬತ್ತಿದ ಹಳ್ಳದ ಜಾಡಿನಲ್ಲಿ,
ಎಲಿಫಾ ಚಿಕ್ಕವಳಿದ್ದಾಗ
ಏಡಿ ಹಿಡಿಯುತ್ತಿದ್ದ ಕಡೆ.
ಹದಿನಾಲ್ಕು ಮೀಟರು. ಯಾರೂ ಕುಣಿಯಲಿಲ್ಲ.
ಕಡ್ಡಿ ಅದ್ದಿದೆ, ಬರೆದೆ,
ಕಣ್ಣು ಮಾತ್ರ ಮಡಕೆಯ ಮೇಲೆ.

ಒಂದು ಗಂಟೆಯಾಗಿರಬಹುದು.
ಕಾಳು ಬೆರಳ ನಡುವೆ ಹಿಟ್ಟಾಯಿತು.
ಅವಳು ನಮಗೆ ಏನೂ ಹೇಳಲಿಲ್ಲ,
ಮನೆಯಿಂದ ಉಪ್ಪಿನ ಡಬ್ಬಿ ತಾ ಎಂದು
ಮೊಮ್ಮಗನನ್ನು ಓಡಿಸಿದಳು.