ಈ ತಿಂಗಳ ರೀಡಿಂಗ್

ಪೆನ್ಷನ್ ಮೊಹಲ್ಲಾದಲ್ಲಿ ಮನೆ ನಂಬರು ಕೇಳಬೇಡಿ,
ನನಗೆ ಆರ್.ಆರ್. ನಂಬರೇ ಗುರುತು.
ಓಣಿಯ ಬಾಯಲ್ಲಿ ಒಂದೇ ಹಲಗೆಗೆ ಏಳು ಮೀಟರು,
ಶಾಲೆಯ ಗ್ರೂಪ್ ಫೋಟೊದ ಹಾಗೆ,
ಕೊನೆಯದು ಸ್ವಲ್ಪ ವಾಲಿಕೊಂಡು.

ಜುಲೇಖಾಬಿ, ಹೊಲಿಗೆ ಮಷೀನು: ಐವತ್ತೆರಡು ಯೂನಿಟ್ಟು.
ಆಸ್ಪತ್ರೆಯ ಆಯಾ ಸಾವಂತ್ರಮ್ಮ: ಹತ್ತೊಂಬತ್ತು.
ರಾತ್ರಿ ಪಾಳಿಯವಳ ಮನೆಯಲ್ಲಿ ದೀಪಕ್ಕೇನು ಕೆಲಸ?
ಬಸ್ಸಿಗೆ ಬಸ್ಸು ಹತ್ತಿ ಸೌತೆಕಾಯಿ ಮಾರುವ ನಿಂಗರಾಜ
ಟಿವಿ ತಂದ ತಿಂಗಳು ಮೂವತ್ತೊಂದಾಗಿ
‘ಓಡ್ತೈತಲ್ಲಣ್ಣ ನಿನ್ ಮೀಟ್ರು’ ಎಂದು ಜಗಳಕ್ಕೆ ಬಂದವನು
ಕೊನೆಗೆ ಉಪ್ಪುಖಾರ ಸವರಿ ಅರ್ಧ ಹೋಳು ಕೈಗಿಟ್ಟಿದ್ದ.

ಏಳೂ ಮನೆಯವರು ನಡೆದೇ ಹೋಗುವವರು.
ಆಸ್ಪತ್ರೆಗೆ ಹನ್ನೆರಡು ನಿಮಿಷ,
ಸಂತೇಪೇಟೆಗೆ ಎಂಟು,
ಬಸ್ ಸ್ಟ್ಯಾಂಡು ಊರ ನಡುವೆ ಇದ್ದಾಗ ಅದಕ್ಕೂ ಹತ್ತು.
ಅವರು ಬಾಡಿಗೆ ಕೊಡುತ್ತಿದ್ದದ್ದು
ಆ ಒಸರುವ ಗೋಡೆಗಳಿಗಲ್ಲ, ಈ ನಿಮಿಷಗಳಿಗೆ.
ಇದು ನನಗೆ ತಡವಾಗಿ ಹೊಳೆಯಿತು.
ಮಾರುವವನಿಗೆ ಬೇಗ ಹೊಳೆದಿತ್ತು.

ಬಸ್ ಸ್ಟ್ಯಾಂಡು ಹಳಿ ದಾಟಿ ಆಚೆ ಹೋಯಿತು.
ಸೇತುವೆ ಎದ್ದಿತು, ಗಾಡಿಗಳು ಏರಿದವು.
ನಕ್ಷೆಯಲ್ಲಿ ಕಾಲುಹಾದಿಯೂ ಇತ್ತಂತೆ.
ನಕ್ಷೆಯಲ್ಲಿ ನಡೆದರೆ ಮಂಡಿ ನೋಯುವುದಿಲ್ಲ.

ನನಗೂ ನಡಿಗೆಯೇ ಕಸುಬು.
ಹತ್ತು ಹೆಜ್ಜೆಗೊಂದು ಮೀಟರಿರುವಾಗ
ಬೈಕಿಗೆ ಯಾರು ಕಿಕ್ ಹೊಡೀತಾರೆ?
ಆ ಹತ್ತೂ ಈಗ ಒಂದೇ ಗೆರೆಯಲ್ಲಿ ಸಿಗುವುದಿಲ್ಲ.
ಗೇಟಿನ ಇಳಿಜಾರು, ಜನರೇಟರು, ಕ್ರೋಟನ್ ಕುಂಡ,
ಇಳಿ, ಹತ್ತು, ಹಾರನ್ ಕೇಳಿದರೆ ಗೋಡೆಗೆ ಒರಗು.
ಫುಟ್‌ಪಾತಿನಲ್ಲಿ ಮಲಗಿದ ಮನುಷ್ಯನನ್ನು ಎಬ್ಬಿಸುತ್ತಾರೆ.
ಹೊದ್ದು ಮಲಗಿದ ಕಾರನ್ನು
ಎಬ್ಬಿಸಿದವರನ್ನು ನಾನು ಕಂಡಿಲ್ಲ.

ವಠಾರದ ಕೊನೆಯ ರೀಡಿಂಗ್ ತೆಗೆದವನೂ ನಾನೇ.
ಏಳು ಅಂಕಿ, ಏಳು ಚೀಟಿ.
ಜುಲೇಖಾಬಿ ಕೇಳಿದ್ದು ಒಂದೇ:
‘ಡಿಪಾಜಿಟ್ಟು ವಾಪಸ್ ಬತ್ತದಾ ಸಾಬ್?’
ಅರ್ಜಿ ಕೊಡಿ ಅಂದೆ.
ಯಾರಿಗೆ ಅಂತ ಅವಳೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಹದಿನಾಲ್ಕು ತಿಂಗಳಿಗೆ ಅಲ್ಲೊಂದು ಫ್ಲೆಕ್ಸು:
‘ಶಾಲೆ, ಆಸ್ಪತ್ರೆ, ಮಾರುಕಟ್ಟೆ,
ಎಲ್ಲವೂ ನಡಿಗೆಯ ದೂರದಲ್ಲಿ!’
ಅದರ ಕೆಳಗೆ ಎರಡಂತಸ್ತು ಬರೀ ಪಾರ್ಕಿಂಗು.
ಬಟ್ಟೆ ಒಗೆಯುತ್ತಿದ್ದ ಕಲ್ಲಿನ ಜಾಗದಲ್ಲಿ
ಕಾರಿಗೆ ಕರೆಂಟು ಕುಡಿಸುವ ಕಂಬ.
ಏಳು ಮನೆ ಒಂದು ತಿಂಗಳಿಗೆ ತಿಂದದ್ದನ್ನು
ಅದು ವಾರಕ್ಕೆ ಮುಗಿಸುತ್ತದೆ. ಲೆಕ್ಕ ನನ್ನ ಬಳಿ ಇದೆ.

ಸಾವಂತ್ರಮ್ಮ ಈಗ ಬೂವನಹಳ್ಳಿ ಕಡೆ.
ಬೆಳಿಗ್ಗೆ ಆರಕ್ಕೆ ಪಾಳಿ ಮುಗಿಯುತ್ತದೆ,
ಬಸ್ಸು ಏಳೂ ಹತ್ತಕ್ಕೆ, ಬಂದರೆ.
ಆಸ್ಪತ್ರೆ ಗೇಟಿನ ಕಟ್ಟೆಯಲ್ಲಿ
ಚಪ್ಪಲಿ ಬಿಚ್ಚಿ, ಕಾಲು ಮೇಲಿಟ್ಟು ಕೂತಿದ್ದಳು.
‘ಟಿಕೆಟ್ಟು ಪುಕ್ಕಟೆ ಮಾಡವ್ರೆ ಕಣಪ್ಪ,
ಬಸ್ಸೇ ತುಟ್ಟಿ.
ಮನೆ ದೊಡ್ಡದು ಸಿಕ್ತು, ಕಿಟಕಿ ಎರಡವೆ.
ದಿನ ಚಿಕ್ಕದಾಗೋಯ್ತು.’
ಯೂನಿಟ್ ಎಷ್ಟು ಬರುತ್ತೆ ಅಂದೆ, ಅಭ್ಯಾಸಬಲ.
‘ಒಂಬತ್ತು’ ಅಂದು ನಕ್ಕಳು.

ಇವತ್ತು ಹೊಸ ಕಟ್ಟಡಕ್ಕೆ ಹೋಗಿದ್ದೆ.
ಓಣಿ ಇದ್ದ ಕಡೆ ಕಾಲು ತಾನೇ ತಿರುಗಿತು,
ಟಾರ್ಚು ಹಚ್ಚಿದ ಕೈ ಗಾಜಿಗೆ ತಾಗಿತು.
ಕಾವಲಿನ ಹುಡುಗ ಪುಸ್ತಕ ಮುಂದೆ ತಳ್ಳಿದ:
ಹೆಸರು, ಹೊತ್ತು, ಕೆಲಸ, ಗಾಡಿ ನಂಬರು.

ಗಾಡಿ ಇಲ್ಲ ಅಂದೆ.
‘ಮತ್ತೆ ಹೆಂಗ್ ಬಂದ್ರಿ?’
ನಿಜವಾಗಿಯೂ ಗೊತ್ತಿಲ್ಲದವನ ಹಾಗೆ ಕೇಳಿದ.
‘ಖಾಲಿ ಬಿಟ್ರೆ ನಂಗ್ ಬಯ್ತಾರೆ ಸಾರ್, ಏನಾದ್ರೂ ಬರೀರಿ.’

ದಾರಕ್ಕೆ ಕಟ್ಟಿದ್ದ ಪೆನ್ನು ಎಳೆದುಕೊಂಡೆ.
ಸಾವಂತ್ರಮ್ಮನ ಹಳೇ ಆರ್.ಆರ್. ನಂಬರು
ಇನ್ನೂ ಬಾಯಲ್ಲೇ ಇತ್ತು.